ಝಿಷ್ಕಾ ಬದುಕಿದ್ದಿದ್ದರೆ?

ಪ್ರೀತಿಯ ಗೆಳೆಯಾ,

ಆರುನೂರು ವರ್ಷದ ಹಿಂದೆ ಬೊಹೀಮಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದಲ್ಲಿ, ಹುಸ್ ಪಂಥದ ದಂಡು ನಡೆಸಿದ ಯಾನ್ ಝಿಷ್ಕಾ ಇನ್ನೊಂದು ಹತ್ತು ವರ್ಷ ಬದುಕಿದ್ದಿದ್ದರೆ, ಆ ಪಂಥದವರೇ ತಮ್ಮತಮ್ಮಲ್ಲಿ ಬಡಿದಾಡಿದ ಲಿಪಾನಿ ಕದನವೇ ಆಗುತ್ತಿರಲಿಲ್ಲ ಅಂದೆಯಲ್ಲ, ಅಷ್ಟು ಜೋರಾಗಿ! ಉತ್ತರ ಎಲ್ಲರೆದುರೇ ಬರೆಯುತ್ತಿದ್ದೇನೆ. ನಮ್ಮ ಗುಂಪಿನವರೂ ಓದಲಿ.

ಅವನು ಬದುಕಬೇಕಿತ್ತು ಅಂತ ನನಗೂ ಅನ್ನಿಸುತ್ತೆ. ಚರ್ಚಿನ ತಪ್ಪುಗಳನ್ನು ಎತ್ತಿ ಹೇಳಿದ ಪಾದ್ರಿ ಯಾನ್ ಹುಸ್‌ನನ್ನು ಅಭಯಪತ್ರ ಕೊಟ್ಟು ಕಾನ್‌ಸ್ಟನ್ಸ್ ಊರಿನ ಧರ್ಮಸಭೆಗೆ ಕರೆಸಿಕೊಂಡು 1415ರಲ್ಲಿ ಅಲ್ಲೇ ಸುಟ್ಟರು. ಆಮೇಲೆ ಬೊಹೀಮಿಯಾದ ರೈತರು ಅವನ ಹೆಸರಲ್ಲಿ ಯುದ್ಧಕ್ಕೇ ನಿಂತರು. ಅವರಿಗೆ ಬಂಡಿಗಳಲ್ಲೇ ಕೋಟೆ ಕಟ್ಟಿಕೊಟ್ಟವನು ಝಿಷ್ಕಾ. ಒಂದು ಬಂಡಿಯನ್ನು ಹತ್ತಿರದಿಂದ ನೋಡು. ಪಕ್ಕದ ಬಂಡಿಗೆ ಸರಪಳಿ, ಹೊರಮಗ್ಗುಲಿಗೆ ದಪ್ಪ ಹಲಗೆ, ಒಳಗೆ ಕೈಕೋವಿ ಹಿಡಿದವರು, ಅಡ್ಡಬಿಲ್ಲಿನವರು, ಜೊತೆಗೆ ಕಣದಲ್ಲಿ ತೆನೆ ಬಡಿಯುವ ಕೋಲಿಗೇ ಕಬ್ಬಿಣದ ಮುಳ್ಳು ಹೊಡೆದುಕೊಂಡ ರೈತರು. ಕವಚ ತೊಟ್ಟು ಕುದುರೆ ಏರಿ ಬಂದ ಸರದಾರರಿಗೆ ಇದನ್ನು ದಾಟಲಾಗಲಿಲ್ಲ. ಅವನಿಗೆ ಒಂದು ಕಣ್ಣು ಮೊದಲೇ ಇರಲಿಲ್ಲ, 1421ರಲ್ಲಿ ರಾಬಿ ಕೋಟೆಯ ಮುತ್ತಿಗೆಯಲ್ಲಿ ಇನ್ನೊಂದೂ ಹೋಯಿತು. ಆಮೇಲೂ ದಂಡು ನಡೆಸಿ ಗೆದ್ದ ಮಾರಾಯ! 1424ರ ಅಕ್ಟೋಬರ್‌ನಲ್ಲಿ ಕಾಯಿಲೆ ಬಿದ್ದು ತೀರಿಕೊಂಡಾಗ ಅವನ ಕಡೆಯವರು ತಮ್ಮನ್ನು ‘ಅನಾಥರು’ ಅಂತ ಕರೆದುಕೊಂಡರು.

ಆದರೂ ಅವರು ಸೋಲಲಿಲ್ಲ. ಪ್ರೊಕೋಪ್ ಅನ್ನುವ ಪಾದ್ರಿ ನಾಯಕನಾಗಿ ಮುಂದೆ ನಿಂತ. 1431ರಲ್ಲಿ ಡೊಮಾಜ್ಲಿಟ್ಸೆಯಲ್ಲಿ ಪೋಪನ ಕಡೆಯ ದೊಡ್ಡ ಸೈನ್ಯ ಸರಿಯಾಗಿ ಕಾದಾಡದೆ ಚದುರಿ ಓಡಿತು. 1434ರ ಮೇ 30ರಂದು ಲಿಪಾನಿಯಲ್ಲಿ ಅವರನ್ನು ಮುರಿದದ್ದು ಹುಸ್‌ನ ಹೆಸರನ್ನೇ ಹೇಳುವ ಮಂದಗಾಮಿಗಳು, ಕ್ಯಾಥೊಲಿಕ್ ಸರದಾರರ ಜೊತೆ ಸೇರಿಕೊಂಡು. ಅವರ ಹತ್ತಿರವೂ ಅದೇ ಬಂಡಿಗಳು. ಮಂದಗಾಮಿಗಳು ಸೋತವರ ಹಾಗೆ ಹಿಂದೆ ಸರಿದರು, ಪ್ರೊಕೋಪ್ ಕಡೆಯವರು ಬಂಡಿಕೋಟೆ ಬಿಟ್ಟು ಅಟ್ಟಿಸಿಕೊಂಡು ಹೋದರು. ಪ್ರೊಕೋಪ್ ಅಲ್ಲೇ ಸತ್ತ.

ಝಿಷ್ಕಾ ಇದ್ದಿದ್ದರೆ ಯಾರನ್ನೂ ಬಂಡಿ ಬಿಟ್ಟು ಕದಲಲು ಬಿಡುತ್ತಿರಲಿಲ್ಲ, ಒಪ್ಪಿದೆ. ಕದನ ಗೆಲ್ಲುತ್ತಿದ್ದನೇನೋ. ಒಡಕು ಮಾತ್ರ ಅವನ ಕಾಲದಲ್ಲೇ ಇತ್ತು ಕಣೋ. ಆಡಮೈಟ್ ಅನ್ನುವ ಅತಿ ಪಂಥದವರನ್ನು 1421ರಲ್ಲಿ ಸುಡಿಸಿದ್ದು ಅವನೇ. 1424ರ ಜೂನ್‌ನಲ್ಲಿ ಮಲೆಶೋವ್‌ನಲ್ಲಿ ಸೋಲಿಸಿದ್ದು ಪ್ರಾಗಿನ ಹುಸ್ ಪಂಥದವರನ್ನೇ. ಸೆಪ್ಟೆಂಬರ್‌ನಲ್ಲಿ ಪ್ರಾಗ್ ಬಾಗಿಲಿಗೇ ದಂಡು ತಂದ. ಯಾನ್ ರೊಕಿಟ್ಸಾನಾ ಅನ್ನುವ ಪಾದ್ರಿ ನಡುವೆ ಬಂದು ರಾಜಿ ಮಾಡಿಸಿದ. ಆ ಪಾದ್ರಿ 1434ರಲ್ಲೂ ಬದುಕಿದ್ದ. ಲಿಪಾನಿ ಆಗೇ ಹೋಯಿತು.

ಇದು ನನ್ನನ್ನು ಜಾಸ್ತಿ ಕಾಡುತ್ತಿದೆ. ನಮ್ಮ ಓದುಗುಂಪು ಒಡೆದಾಗಿನಿಂದ ‘ಮೇಷ್ಟ್ರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ’ ಅಂದುಕೊಂಡೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಅದೂ ಇಲ್ಲ. ಎರಡೂ ಕಡೆಯವರು ಮೇಷ್ಟ್ರ ಮಾತನ್ನೇ ಹೇಳುತ್ತಾರೆ, ಮೇಷ್ಟ್ರು ಕೂತಿದ್ದಾಗಲೇ ನಾವು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟಿದ್ದೆವು, ನಿನಗೂ ಗೊತ್ತು. ನನಗೆ ಎಲ್ಲರೂ ಬೇಕು ಕಣೋ. ಆ ಕಡೆಯವರೂ ಬೇಕು. ಇಷ್ಟೆಲ್ಲಾ ಬರೆಯುವ ಯೋಚನೆ ಇರಲಿಲ್ಲ.

ಸರಿ ಬಿಡು. ಭಾನುವಾರ ಬಾ, ಬೋರ್ಡ್ ಹಾಸಿ ಲಿಪಾನಿ ಆಡೋಣ. ಆ ಕಡೆಯ ಇಬ್ಬರಿಗೂ ಹೇಳಿ ಕಳಿಸಿದ್ದೇನೆ. ಬಂಡಿಗಳು ನನಗೆ, ಚಕ್ಕುಲಿ ನಿನ್ನ ಕಡೆಯಿಂದ.

ನಿನ್ನ,
ಕಾಲಂ ನಂಬರ್ ಏಳು