ರಾತ್ರಿ ಪಾಳಿಯ ಅಕ್ಕನಿಗೆ, ಮತ್ತೆ ಉಳಿದವರಿಗೆಲ್ಲ

ಪ್ರೊಬೇಷನ್ ಮುಗಿದು ಸ್ಟಾಫ್ ನರ್ಸ್ ಎಂದು ಕಾಯಂ ಮಾಡಿದ ಪತ್ರ ಕೈಗೆ ಬಂದಿದೆ. ಮೂವತ್ತೆಂಟು ದಾಟಿದ ಮೇಲೆ ಸಿಕ್ಕ ಮೊದಲ ನರ್ಸಿಂಗ್ ನೌಕರಿ ಇದು. ಹಿಂದಿನ ಕತೆಯೆಲ್ಲ ಕುಮಟಾ, ಹೊನ್ನಾವರ, ಶಿರಸಿ ಕಡೆಯ ಗೆಳತಿಯರಿಗೆ ಗೊತ್ತೇ ಇದೆ, ಅದನ್ನು ಮತ್ತೆ ಬಿಚ್ಚುವುದಿಲ್ಲ. ಯಾರು ಏನು ಕೊಟ್ಟರು ಎಂಬುದನ್ನು ಮಾತ್ರ ಬರೆದಿಡಬೇಕು. ತಡವಾಗಿ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ಇನ್ನೊಬ್ಬಳಿಗೂ ಅದೇ ಬೇಕಾಗುತ್ತದೆ. ಹಾಗಾಗಿ ವಿವರ ಬಿಡದೆ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ ಸರಿ ಮಾಡಿಕೊಟ್ಟವರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಓದಿದ ಹೆಂಗಸರಿಗೆ ತೊಡಕು ಬರುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್. ನರ್ಸಿಂಗ್ ಡಿಪ್ಲೊಮಾದ ಅಂಕಪಟ್ಟಿ ಎಸ್ಸೆಸ್ಸೆಲ್ಸಿ ಹೆಸರನ್ನೇ ಹಿಡಿದು ಬರುತ್ತದೆ, ಬೆಂಗಳೂರಿನ ನರ್ಸಿಂಗ್ ಕೌನ್ಸಿಲ್ ನೋಂದಣಿಗೂ ಅದೇ ಹೆಸರು. ನಮ್ಮೂರ ಗ್ರಾಮ ಒನ್ ಕೇಂದ್ರದ ತಮ್ಮ ಇದನ್ನು ಒಂದೇ ನೋಟಕ್ಕೆ ಹಿಡಿದ. ಶಾಲೆಯ ದಾಖಲೆ ತಿದ್ದಿಸಲು ಓಡಾಡಬೇಡಿ, ಆಧಾರನ್ನೇ ಎಸ್ಸೆಸ್ಸೆಲ್ಸಿಗೆ ಹೊಂದಿಸಿ, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕು ಎಂದ. ಕ್ರಮ ತಪ್ಪಬಾರದು, ಯಾಕೆಂದರೆ ಪ್ಯಾನಿಗೂ ಬ್ಯಾಂಕಿಗೂ ಕೊಡುವ ಪುರಾವೆ ಅದೇ ಆಧಾರ್. ಕಾರವಾರದ ಹುಡುಗಿಯರು ಗೋವಾದಲ್ಲಿ ಕೆಲಸ ನೋಡುವುದು ಸಾಮಾನ್ಯ. ಹಾಗೆ ಹೋಗುವವರು ಇಲ್ಲಿನ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡು ಅಲ್ಲಿನ ಕೌನ್ಸಿಲ್‌ನಲ್ಲಿ ಮತ್ತೆ ನೋಂದಣಿ ಮಾಡಿಸಬೇಕು. ಸಂದರ್ಶನ ಮುಗಿದ ಮೇಲೆ ಅದಕ್ಕೆ ಹೊರಟರೆ ಹುದ್ದೆ ಕಾಯುವುದಿಲ್ಲ.

ನರ್ಸಿಂಗ್ ಸ್ಕೂಲಿನ ಟ್ಯೂಟರ್ ಮೇಡಂ ಕೊನೆಯ ವರ್ಷವೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿಸಿದರು. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಡೋಸ್. ಅದಾಗಿ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ಲಸಿಕೆಯ ರಕ್ಷಣೆ ರಕ್ತದಲ್ಲಿ ಎಷ್ಟು ಬಂದಿದೆ ಎಂಬ ಪರೀಕ್ಷೆ, ಮಾಡಿಸಿ 10ಕ್ಕಿಂತ ಮೇಲಿದೆಯೇ ನೋಡಬೇಕು. ನೌಕರಿ ಸಿಕ್ಕ ಮೇಲೆ ಹಾಕಿಸಿಕೊಂಡರಾಯಿತು ಅಂದುಕೊಂಡರೆ ಅರ್ಧ ವರ್ಷದ ತನಕ ಪೂರ್ಣ ರಕ್ಷಣೆ ಇಲ್ಲದೆ ಸೂಜಿ ಹಿಡಿಯಬೇಕಾಗುತ್ತದೆ. ಸರಕಾರಿ ಅಧಿಸೂಚನೆ ಬಂದಾಗ ಸಂಬಳಕ್ಕಿಂತ ಮೊದಲು ವಯೋಮಿತಿ ನೋಡು ಎಂದವರೂ ಅವರೇ. ರಾಜ್ಯದ ನೇಮಕಾತಿ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2 ಮತ್ತು 3ಕ್ಕೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40. ಸರಕಾರ ಆಗಾಗ ಸಡಿಲಿಕೆ ಕೊಡುತ್ತದೆ, ಗುತ್ತಿಗೆ ಹುದ್ದೆಗಳ ಮಿತಿ ಬೇರೆ ಇರುತ್ತದೆ. ಹಾಗಾಗಿ ಪ್ರತಿ ಅಧಿಸೂಚನೆಯನ್ನೂ ಹೊಸದೆಂದೇ ಓದಬೇಕು. ವಿಧವೆಯರಿಗೆ ಹತ್ತು ವರ್ಷದ ಸಡಿಲಿಕೆ ಇದೆ. ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರು ನಮ್ಮ ಕಡೆ ಇದ್ದಾರೆ, ದಯವಿಟ್ಟು ಅವರಿಗೆ ಹೇಳಿ.

ಅಂಕೋಲೆಯ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ಒಬ್ಬರು ನನ್ನ ಬಯೋಡೇಟಾದ ಮೊದಲರ್ಧವನ್ನು ಹೊಡೆದು ಹಾಕಿದರು. ಗುರಿ, ಕನಸು, ಹವ್ಯಾಸ ಯಾವುದೂ ಬೇಡ. ಮೇಲೆ ನೋಂದಣಿ ಸಂಖ್ಯೆ, ಕೆಳಗೆ ಯಾವ ವಾರ್ಡಿನಲ್ಲಿ ಎಷ್ಟು ವಾರ, ಆಮೇಲೆ ಕೈಯಾರೆ ಮಾಡಿದ ಕೆಲಸಗಳು ಒಂದು ಪಟ್ಟಿ, ನಿಂತು ನೋಡಿದ್ದಷ್ಟೇ ಇನ್ನೊಂದು ಪಟ್ಟಿ. ನಡುವಿನ ಖಾಲಿ ವರ್ಷಗಳಿಗೆ ಒಂದೇ ಸಾಲು, ಮನೆಯಲ್ಲಿ ಹಿರಿಯರ ಆರೈಕೆ ಎಂದು. ದೊಡ್ಡ ವಯಸ್ಸಿನ ಹೊಸಬಳನ್ನು ತೆಗೆದುಕೊಳ್ಳುವವರಿಗೆ ಇರುವ ಹೆದರಿಕೆ ಎರಡೇ ಎಂದರು. ರಾತ್ರಿ ಪಾಳಿ ಮಾಡುತ್ತಾಳೋ ಇಲ್ಲವೋ, ತನಗಿಂತ ಚಿಕ್ಕ ಇನ್‌ಚಾರ್ಜ್ ಹೇಳಿದ್ದನ್ನು ಕೇಳುತ್ತಾಳೋ ಇಲ್ಲವೋ. ಅವರು ಕೇಳುವ ಮೊದಲೇ ಎರಡಕ್ಕೂ ಉತ್ತರ ಹೇಳಿಬಿಡು ಎಂದು ಕಲಿಸಿದರು. ಮೂಲ ಪ್ರಮಾಣಪತ್ರ ತೋರಿಸಬೇಕು, ಒಪ್ಪಿಸಬಾರದು, ದೃಢೀಕರಿಸಿದ ಪ್ರತಿ ಸಾಕು ಎಂಬುದೂ ಅವರ ಮಾತೇ. ಒಂದು ಕಡೆ ಮೂಲವನ್ನೇ ಇಟ್ಟುಕೊಳ್ಳುತ್ತೇವೆ ಎಂದಾಗ ಎದ್ದು ಬರುವ ಧೈರ್ಯ ಬಂದದ್ದು ಅವರಿಂದ.

ಇನ್ನು ಅಕ್ಕ. ಹೆಸರು ಹಾಕಬೇಡ ಎಂದು ಮೊದಲೇ ಹೇಳಿದ್ದಾರೆ, ವಾರ್ಡಿನವರಿಗೆ ಯಾರೆಂದು ಗೊತ್ತು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸೇವೆಯಲ್ಲಿ ತುಂಬ ಹಿರಿಯರು, ಅದಕ್ಕೇ ಅಕ್ಕ.

ಡ್ರಿಪ್‌ಗೆಂದು ನರಕ್ಕೆ ಹಾಕುವ ಕೊಳವೆ, ಕ್ಯಾನುಲಾ, ಅದರ ಯಾವ ಸೈಜಿಗೆ ಯಾವ ಬಣ್ಣ ಎಂದು ಓದಿ ಬಂದವರಿಗೆಲ್ಲ ಗೊತ್ತು: 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಗೊತ್ತಿಲ್ಲದ್ದು ನರ. ಬಲೆ ಎಳೆದೆಳೆದು ದಪ್ಪವಾದ ಕೈಯಲ್ಲಿ ನರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಎಂಬತ್ತರ ಅಜ್ಜಿಯ ಕೈಯಲ್ಲಿ ಎದ್ದು ಕಾಣುತ್ತದೆ, ಸೂಜಿ ತಾಗಿದರೆ ಜಾರುತ್ತದೆ. ನರದ ಕೆಳಭಾಗದ ಚರ್ಮವನ್ನು ಎಡ ಹೆಬ್ಬೆರಳಿನಿಂದ ಎಳೆದು ಹಿಡಿದೇ ಚುಚ್ಚಬೇಕು, ಚುಚ್ಚಿದ ಮೇಲೂ ಆ ಹಿಡಿತ ಸಡಿಲಬಾರದು. ರಕ್ತ ಕಂಡಿತೆಂದು ಪ್ಲಾಸ್ಟಿಕ್ ಕೊಳವೆಯನ್ನು ಕೂಡಲೇ ತಳ್ಳಿದರೆ ನರ ಒಡೆದು ಊದಿಕೊಳ್ಳುತ್ತದೆ. ಮೊದಲು ಒಳಗೆ ಹೋಗಿರುವುದು ಸೂಜಿಯ ತುದಿ, ಕೊಳವೆಯ ತುದಿ ಅದಕ್ಕಿಂತ ಕೊಂಚ ಹಿಂದೆ, ಇನ್ನೂ ನರದ ಹೊರಗೇ ಇರುತ್ತದೆ. ಕೋನ ಇಳಿಸಿ ಎರಡು ಮಿಲಿಮೀಟರಿನಷ್ಟು ಮುಂದೆ ಹೋಗಬೇಕು, ಆಮೇಲೆ ಸೂಜಿಯನ್ನು ಅಲ್ಲೇ ಹಿಡಿದು ಕೊಳವೆಯನ್ನು ಮಾತ್ರ ಜಾರಿಸಬೇಕು. ಹಿಂದಕ್ಕೆಳೆದ ಸೂಜಿಯನ್ನು ಅದೇ ಕೊಳವೆಗೆ ಮತ್ತೆ ತೂರಿಸಲೇಬಾರದು. ಕೊಳವೆ ಕತ್ತರಿಸಿ ಅದರ ತುಂಡು ರಕ್ತದಲ್ಲಿ ಹೋಗುವ ಅಪಾಯವಿದೆ. ಮಳೆಗಾಲದ ಕರಾವಳಿಯಲ್ಲಿ ಟೇಪ್ ಹಿಡಿಯುವುದೂ ಒಂದು ವಿದ್ಯೆ. ಸ್ಪಿರಿಟ್ ತಾನಾಗಿ ಒಣಗಲು ಬಿಡಬೇಕು, ಸುತ್ತಲಿನ ಬೆವರನ್ನು ಒಣ ಗಾಜ್ ಬಟ್ಟೆಯಲ್ಲಿ ಒರೆಸಬೇಕು, ಟೇಪನ್ನು ಮೊದಲೇ ಕತ್ತರಿಸಿ ಟ್ರೇ ಅಂಚಿಗೆ ಅಂಟಿಸಿಟ್ಟುಕೊಳ್ಳಬೇಕು.

ಲೆಕ್ಕವನ್ನು ಅಕ್ಕ ಬಾಯಿಪಾಠ ಮಾಡಿಸಲಿಲ್ಲ, ಪ್ಯಾಕೆಟ್ ಓದಿಸಿದರು. ಸಾಮಾನ್ಯ ಐವಿ ಸೆಟ್ಟಿನ (ಡ್ರಿಪ್ ಕೊಳವೆಯ) ಮೇಲೆ ಒಂದು ಮಿ.ಲೀ.ಗೆ 20 ಹನಿ ಎಂದಿರುತ್ತದೆ, ಮೈಕ್ರೋ ಸೆಟ್ಟಿನಲ್ಲಿ 60. ಐನೂರು ಮಿ.ಲೀ. ಎಂಟು ಗಂಟೆಯಲ್ಲಿ ಹೋಗಬೇಕಾದರೆ 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 21 ಹನಿ. ಸೆಟ್ಟು ಬದಲಾದರೆ ಇಡೀ ಲೆಕ್ಕ ಬದಲು. ಇನ್ಸುಲಿನ್‌ನಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ನಮ್ಮಲ್ಲಿ ಸಾಮಾನ್ಯವಾಗಿ ಬರುವ ವಯಲ್ (ಔಷಧದ ಸಣ್ಣ ಸೀಸೆ) ಮಿ.ಲೀ.ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ನೂರು ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ನೂರರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ ಹೋಗುವುದು ಹತ್ತಲ್ಲ, ಇಪ್ಪತ್ತೈದು. ರಾತ್ರಿ ಎರಡು ಗಂಟೆಗೆ ಮಲಗಿದ್ದಲ್ಲೇ ಸಕ್ಕರೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ವಯಲ್, ಸಿರಿಂಜ್ ಎರಡನ್ನೂ ಒಟ್ಟಿಗೆ ಹಿಡಿದು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ನೇರ ನರಕ್ಕೆ ಕೊಡಬಾರದೆಂದು ಎಲ್ಲರೂ ಹೇಳುತ್ತಾರೆ. ನೇತು ಹಾಕಿದ ಬಾಟಲಿಗೆ ಸೇರಿಸಿ ಹಾಗೇ ಬಿಟ್ಟರೂ ಅದೇ ಅಪಾಯ ಎಂದು ತೋರಿಸಿಕೊಟ್ಟವರು ಅಕ್ಕ. ಅದು ಭಾರ, ತಳದಲ್ಲೇ ನಿಂತು ಮೊದಲ ಕೆಲವು ನಿಮಿಷದಲ್ಲೇ ಅಷ್ಟೂ ಇಳಿದುಬಿಡಬಹುದು. ಬಾಟಲಿ ಇಳಿಸಿ, ಹಲವು ಸಲ ಮೇಲೆ ಕೆಳಗೆ ಮಾಡಿ ಬೆರೆಸಿ, ಲೇಬಲ್ ಅಂಟಿಸಿ ಆಮೇಲೆ ನೇತು ಹಾಕಬೇಕು.

ಮಳೆ ಹಿಡಿಯುವ ಮೊದಲೇ ಹಾವಿನ ಕಡಿತದ ಟ್ರೇ ಹೇಗಿರಬೇಕೆಂದು ಜೋಡಿಸಿ ತೋರಿಸಿದರು. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು ಹೊಸ, ಒಣ ಗಾಜಿನ ನಳಿಕೆ ಬೇಕು. ಎರಡು ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ಸೋಪಿನಲ್ಲಿ ತೊಳೆದ ನಳಿಕೆ, ಪ್ಲಾಸ್ಟಿಕ್ ನಳಿಕೆ ಎರಡೂ ಸುಳ್ಳು ಹೇಳುತ್ತವೆ. ಹೆಪ್ಪುಗಟ್ಟುವುದು ಶುರುವಾಗುವುದೇ ಶುದ್ಧ ಗಾಜು ತಾಗಿದಾಗ. ವಿಷಪ್ರತಿರೋಧಕದ ವಯಲ್‌ಗೆ ಅದರ ಜೊತೆ ಕೊಟ್ಟ ನೀರು ಹಾಕಿ ಮೆಲ್ಲಗೆ ಸುತ್ತಿಸಬೇಕು, ಕುಲುಕಿದರೆ ನೊರೆ ಬರುತ್ತದೆ. ಮಗುವಿಗೂ ದೊಡ್ಡವರಷ್ಟೇ ವಯಲ್, ಯಾಕೆಂದರೆ ಹಾವು ಬಿಟ್ಟ ವಿಷ ದೇಹದ ತೂಕ ನೋಡುವುದಿಲ್ಲ. ಅದು ಮೈಗೆ ಒಗ್ಗದೆ ಅಲರ್ಜಿ ಆದರೆ ಕೊಡಲು ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿಗೆ ಎಳೆದು, ಲೇಬಲ್ ಹಾಕಿ ಇಟ್ಟುಕೊಂಡೇ ಡ್ರಿಪ್ ಬಿಡಬೇಕು. ಶಿರಸಿ, ಸಿದ್ದಾಪುರ ಕಡೆಯಿಂದ ಬೇಸಿಗೆಯಲ್ಲಿ ಜ್ವರ ಎಂದು ಬಂದವರನ್ನು, ಮಂಗನ ಕಾಯಿಲೆ ಇರಬಹುದೆಂದು, ಸೊಪ್ಪಿಗೆ ದರಕಿಗೆ (ಒಣ ಎಲೆಗೆ) ಕಾಡಿಗೆ ಹೋಗಿದ್ದಿರಾ, ಮಂಗ ಸತ್ತಿದ್ದು ಕಂಡಿರಾ ಎಂದು ಕೇಳದೆ ಬಿಡಬಾರದು ಎಂಬುದು ಅವರ ಇನ್ನೊಂದು ಪಾಠ.

ಆಷಾಢದ ಆ ರಾತ್ರಿಯ ಬಗ್ಗೆ, ಆ ಮನೆಯವರ ಮೇಲಿನ ಗೌರವಕ್ಕೆ, ಹೆಚ್ಚು ಬರೆಯುವಂತಿಲ್ಲ. ಅಕ್ಕನ ಪಾಳಿ ಎಂಟು ಗಂಟೆಗೇ ಮುಗಿದಿತ್ತು. ಮಳೆಗೆ ರಸ್ತೆ ಕಟ್ಟಿ ಅವರ ಜಾಗಕ್ಕೆ ಬರಬೇಕಾದವರು ಬರಲಿಲ್ಲ. ಅವರು ಬ್ಯಾಗು ಮತ್ತೆ ಮೊಳೆಗೆ ಸಿಕ್ಕಿಸಿ ಬೆಳಗಿನ ತನಕ ನಿಂತರು. ಜೀವ ಉಳಿಯಲಿಲ್ಲ. ನನಗೆ ಈ ಕೆಲಸ ಬೇಡ, ಈ ವಯಸ್ಸಿನಲ್ಲಿ ಯಾಕೆ ಬಂದೆ, ಇಷ್ಟೊಂದು ತಡೆದುಕೊಳ್ಳುವ ಎದೆ ನನಗಿಲ್ಲ ಅನಿಸಿತ್ತು. ಈಗಲೂ ಕೆಲವು ರಾತ್ರಿ ಹಾಗೆ ಅನಿಸುತ್ತದೆ.

ಅಕ್ಕ ಸಮಾಧಾನ ಹೇಳಲಿಲ್ಲ. “ತಂಗಿ, ಟೈಮ್ ಬರಿ” ಅಂದರು. ಯಾವ ಔಷಧ, ಎಷ್ಟು, ಯಾವ ದಾರಿಯಲ್ಲಿ, ಯಾರ ಆದೇಶದ ಮೇಲೆ, ಡಾಕ್ಟರಿಗೆ ಫೋನ್ ಹೋದದ್ದು ಎಷ್ಟಕ್ಕೆ, ಬಂದದ್ದು ಎಷ್ಟಕ್ಕೆ, ಎಲ್ಲವನ್ನೂ ಪಕ್ಕದಲ್ಲಿ ಕೂತು ಬರೆಸಿದರು. ಬೆಳಗಾದರೆ ನೆನಪು ತನಗೆ ಬೇಕಾದ ಹಾಗೆ ಕ್ರಮ ಬದಲಿಸಿಕೊಳ್ಳುತ್ತದೆ, ಅದಕ್ಕೇ ಪಾಳಿ ಮುಗಿಯುವ ಮೊದಲೇ ಬರೆಯಬೇಕು. ಆಮೇಲೆ ದೇಹದ ಆರೈಕೆ. ಕಣ್ಣು ಮುಚ್ಚಿಸಿ, ತಲೆಯ ಕೆಳಗೆ ದಿಂಬಿಟ್ಟು, ಕೈಕಾಲು ನೇರ ಮಾಡುವುದು ಮೈ ಬಿಗಿಯುವ ಮೊದಲೇ ಆಗಬೇಕು. ಕೊಳವೆಗಳನ್ನು ತೆಗೆಯುವ ಮೊದಲು ಕಾನೂನು ಪ್ರಕರಣವೇ ಎಂದು ಡಾಕ್ಟರನ್ನು ಕೇಳಬೇಕು, ಹೌದಾದರೆ ಇದ್ದದ್ದು ಇದ್ದ ಹಾಗೇ ಇರಬೇಕು. ಮೈಮೇಲಿನ ಬಂಗಾರವನ್ನು ಸಾಕ್ಷಿ ಇಟ್ಟುಕೊಂಡು ಮನೆಯವರಿಗೆ ಕೊಟ್ಟು ಸಹಿ ಪಡೆಯಬೇಕು. ಮುಖ ಒರೆಸಿ, ಹಾಸಿಗೆ ಬಟ್ಟೆ ಬದಲಿಸಿ, ಆಮೇಲೆ ಮನೆಯವರನ್ನು ಒಳಗೆ ಕರೆಯಬೇಕು, ಅವರು ಜೀವಮಾನ ನೆನಪಿಟ್ಟುಕೊಳ್ಳುವುದು ಆ ಮುಖವನ್ನು ಎಂದರು. ಮುಂದಿನ ವಾರದ ಡ್ಯೂಟಿ ಪಟ್ಟಿ ಬಂದಾಗ ನನ್ನ ರಾತ್ರಿಗಳಿಗೆಲ್ಲ ಅವರ ಹೆಸರೂ ಇತ್ತು. ಅವರೇ ಕೇಳಿ ಹಾಕಿಸಿಕೊಂಡಿದ್ದರು. ನಾನು ಉಳಿದದ್ದು ಅದರಿಂದ. ಹೊಸಬರ ಪಕ್ಕ ಹೀಗೆ ನಿಲ್ಲುವ ಕೆಲಸಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ, ಇರಬೇಕಿತ್ತು.

ಗಂಭೀರ ರೋಗಿಯನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಕಳಿಸಬೇಕಾದ ಜಿಲ್ಲೆ ನಮ್ಮದು. ಅಂಬುಲೆನ್ಸ್ ಹೊರಡುವ ಮೊದಲು ಆಮ್ಲಜನಕದ ಲೆಕ್ಕ ಹಾಕುವುದನ್ನು ಕಲಿಸಿದವರು ಅಂಬುಲೆನ್ಸ್ ಟೆಕ್ನಿಷಿಯನ್ ಅಣ್ಣ. ಪೂರ್ತಿ ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ ಐದು ಲೀಟರ್ ಹೋದರೆ ಐದು ಗಂಟೆ, ಹತ್ತು ಹೋದರೆ ಎರಡೂವರೆ. ಗೇಜು ಅರ್ಧ ತೋರಿಸಿದರೆ ಸಮಯವೂ ಅರ್ಧ. ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ಏನು ಎಂದು ಲೆಕ್ಕದಲ್ಲೇ ಸೇರಿಸಿಕೊಂಡು, ತುಂಬಿದ ಇನ್ನೊಂದನ್ನೂ ಅದರ ಕೀಯನ್ನೂ ಒಟ್ಟಿಗೆ ಇಡಬೇಕು. ಕೀ ಇಲ್ಲದ ಸಿಲಿಂಡರ್ ತುಂಬಿದ್ದರೂ ಖಾಲಿಯೇ.

ಲ್ಯಾಬಿನವರು, ಫಾರ್ಮಸಿಯ ತಮ್ಮ, ವಾರ್ಡ್ ಆಯಾಗಳು, ಬೆಳಗಿನ ಬಸ್ಸನ್ನು ಎರಡು ನಿಮಿಷ ತಡೆದು ನಿಲ್ಲಿಸುತ್ತಿದ್ದ ಕಂಡಕ್ಟರ್, ಮಕ್ಕಳನ್ನು ನೋಡಿಕೊಂಡ ಅತ್ತೆ, ಅಡುಗೆಮನೆ ವಹಿಸಿಕೊಂಡ ಮನೆಯವರು, ನಿಮಗೆಲ್ಲ ಮನಸಾರೆ ವಂದನೆ.

ಕಾಗದಪತ್ರದ ಪಟ್ಟಿ, ಅಕ್ಕ ಬರೆಸಿದ ಲೆಕ್ಕದ ಹಾಳೆ ಎರಡನ್ನೂ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಈ ವರ್ಷ ಮುಗಿಸುವವರು ಕೇಳಿ ತೆಗೆದುಕೊಳ್ಳಿ. ನೀವು ಸೇರುವ ಆಸ್ಪತ್ರೆಯಲ್ಲಿ ಯಾವ ಐವಿ ಸೆಟ್ ಬರುತ್ತದೆ, ಅದರ ಹನಿ ಸಂಖ್ಯೆ ಎಷ್ಟು ಎಂದು ಮೊದಲ ದಿನವೇ ಬರೆದುಕೊಳ್ಳಲು ಹಾಳೆಯ ಮೇಲ್ತುದಿಯಲ್ಲಿ ಜಾಗ ಬಿಟ್ಟಿದೆ.