ಮಗಳಿಗೊಂದು ಪತ್ರ: ಅರ್ಧ ಬೆಲೆಯ ಚೀಟಿ

ಕುಂದಾಪುರ
22 ಜೂನ್ 2025

ಪ್ರೀತಿಯ ಮಗಳಿಗೆ ಅಪ್ಪಯ್ಯ ಮಾಡುವ ಆಶೀರ್ವಾದಗಳು.

ನಾನು ಊರು ತಲುಪಿ ಇವತ್ತಿಗೆ ಹತ್ತು ದಿನವಾಯಿತು. ಈ ಹತ್ತು ದಿನಗಳಲ್ಲಿ ನೀನು ಮೂರು ಸಲ ಫೋನ್ ಮಾಡಿದ್ದೀಯೆ. ಮೂರು ಸಲವೂ ಅಮ್ಮನ ಹತ್ತಿರ ಮಾತನಾಡಿ ಇಟ್ಟಿದ್ದೀಯೆ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಟೋಕಿಯೊದ ನಿಮ್ಮ ನಿಶಿ-ಕಸಾಯಿಯ ಆ ಅಂಗಡಿಯಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ಫೋನಿನಲ್ಲಿ ಹೇಳಲು ಹೊರಟರೆ ಗಂಟಲು ಕಟ್ಟುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿ ನಾಲ್ಕೂವರೆ ಆದಾಗ ಅಲ್ಲಿ ರಾತ್ರಿ ಎಂಟು ಗಂಟೆ. ದಿನವೂ ಆ ಹೊತ್ತಿಗೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ನನಗೆ ಆ ಸಂಜೆಯೇ ಕಣ್ಣ ಮುಂದೆ ಬರುತ್ತದೆ. ಸಿದ್ಧ ಅಡುಗೆಯ ಡಬ್ಬಿಗಳನ್ನು ಇಟ್ಟ ಕಡೆ ಐದಾರು ಜನ ಏನನ್ನೋ ಹುಡುಕುವವರಂತೆ ನಿಂತಿದ್ದರು. ಕೈಯಲ್ಲಿ ಚೀಟಿಯ ಸುರುಳಿ ಹಿಡಿದ ಹುಡುಗನೊಬ್ಬ ಬಂದು, ಮಧ್ಯಾಹ್ನದಿಂದ ಉಳಿದ ಒಂದೊಂದು ಡಬ್ಬಿಯ ಮೇಲೂ ಅರ್ಧ ಬೆಲೆಯ ಕೆಂಪು ಚೀಟಿ ಅಂಟಿಸುತ್ತಾ ಹೋದ. 'ಹನ್‌ಗಾಕು' ಎಂಬ ಆ ಪದವನ್ನು ನೀನೇ ನನಗೆ ಓದಿ ಹೇಳಿದ್ದೆ. ನಿನ್ನ ಪಕ್ಕದಲ್ಲಿ ನಿಂತಿದ್ದ, ಬೆನ್ನು ಬಾಗಿದ ಅಜ್ಜಿಯೊಬ್ಬರು ನಿನ್ನನ್ನು ನೋಡಿ ಪರಿಚಯದವರಂತೆ ತಲೆಬಾಗಿಸಿದರು, ನೀನೂ ಬಾಗಿಸಿದೆ. ಆಮೇಲೆ ನೀನು ಸುಟ್ಟ ಬಂಗುಡೆ ಮತ್ತು ಅನ್ನವಿದ್ದ ಡಬ್ಬಿಯನ್ನು ಎತ್ತಿಕೊಂಡೆ. ಆಗಲೇ ನಾನು ಬಾಯಿ ತೆರೆದದ್ದು.

ಕಿವಿರು ಎತ್ತಿ ನೋಡದೆ ಮೀನು ಕೊಳ್ಳದ ಮನೆ ನಮ್ಮದು. ಸಂಜೆ ಉಳಿದ ಮೀನನ್ನು ನಿನ್ನಜ್ಜಿ ಹೊಸಿಲು ದಾಟಿಸುತ್ತಿರಲಿಲ್ಲ. ರಾತ್ರಿ ಎಂಟರ ಮೀನನ್ನು, ಅದೂ ಅರ್ಧ ಬೆಲೆಗೆ, ನನ್ನ ಮಗಳು ಕಾದು ನಿಂತು ಕೊಳ್ಳುತ್ತಿದ್ದಾಳೆ ಎಂಬುದನ್ನು ನೋಡಿದಾಗ ನನಗಾದದ್ದು ಸಿಟ್ಟಲ್ಲ, ಹೆದರಿಕೆ. ಅದು ಸಿಟ್ಟಿನ ರೂಪದಲ್ಲಿ ಹೊರಗೆ ಬಂತು. ಆ ಡಬ್ಬಿಗಳ ಮೇಲೆ ಎಷ್ಟನೆಯ ತಾರೀಖಿನ ಎಷ್ಟು ಗಂಟೆಯೊಳಗೆ ತಿನ್ನಬೇಕು ಎಂದು ಮುದ್ರಿಸಿರುತ್ತಾರೆ, 'ಶೋಹಿ ಕಿಗೆನ್' ಎಂದರೆ ದಾಟಲೇಬಾರದ ಗಡುವು, 'ಶೋಮಿ ಕಿಗೆನ್' ಎಂದರೆ ರುಚಿ ಕೆಡದಿರುವ ಅವಧಿ ಮಾತ್ರ ಎಂದು ನೀನು ಮೊದಲ ವಾರವೇ ಬಿಡಿಸಿ ಹೇಳಿದ್ದೆ. ತಿಳಿದೂ ತಿಳಿದೂ ನಾನು ಆ ಮಾತು ಆಡಿದೆ.

ಅದಕ್ಕೂ ಮೊದಲು ಹಾಲಿನ ಕಪಾಟಿನ ಹತ್ತಿರ ಆದದ್ದನ್ನೂ ನಾನು ಮರೆತಿಲ್ಲ. ನಾನು ಕೈಚಾಚಿ ಹಿಂದಿನ ಸಾಲಿನ ಪೊಟ್ಟಣ ತೆಗೆದಾಗ ನೀನು, "ಅಪ್ಪಯ್ಯ, ಮುಂದಿನದೇ ಇರಲಿ" ಎಂದು ಅದನ್ನು ಮೊದಲಿದ್ದಲ್ಲೇ ಇಟ್ಟೆ. ಬೇಗ ಬಳಸುವುದಾದರೆ ಎದುರಿನದನ್ನೇ ಒಯ್ಯಿರಿ, ಆಹಾರ ಪೋಲಾಗದಿರಲಿ ಎಂದು ಕೇಳಿಕೊಳ್ಳುವ ಸಣ್ಣ ಫಲಕವನ್ನೂ ತೋರಿಸಿದೆ. ಅದಕ್ಕೆ 'ತೆಮಾಏ-ದೋರಿ' ಎನ್ನುತ್ತಾರೆ ಎಂದೆ. ಮಗಳೇ, 32 ವರ್ಷ ದಿನಸಿ ಅಂಗಡಿ ನಡೆಸಿದವನು ನಾನು. ಹೊಸ ಸರಕು ಬಂದಾಗಲೆಲ್ಲ ಹಳೆಯದನ್ನು ಮುಂದಕ್ಕೆಳೆದು ಹೊಸದನ್ನು ಹಿಂದೆ ಜೋಡಿಸಿದ ಕೈ ಇದು. ಹಿಂದಿನದನ್ನೇ ಕೆದಕಿ ತೆಗೆಯುವ ಗಿರಾಕಿಗಳ ಮೇಲೆ ಒಳಗೊಳಗೇ ಬೇಸರಪಟ್ಟವನು, ನಿನ್ನೂರಿನಲ್ಲಿ ನಾನೇ ಕೆದಕಿದೆ. ನೀನು ತಿದ್ದಿದ್ದನ್ನು ಅವಮಾನವೆಂದು ತಿಳಿದು, ಆ ಕಾವನ್ನು ಮೀನಿನ ಡಬ್ಬಿಯವರೆಗೂ ಹೊತ್ತು ತಂದೆ.

ದುಡ್ಡಿನ ಲೆಕ್ಕವನ್ನೂ ಮಾಡಿದ್ದೇನೆ. 5 ಕಿಲೋ ಅಕ್ಕಿಗೆ 4,000 ಯೆನ್ ದಾಟಿದೆ ಎಂದರೆ ನಮ್ಮ ಲೆಕ್ಕದಲ್ಲಿ 2,000 ರೂಪಾಯಿಗೂ ಮೇಲೆ. ಸರ್ಕಾರದ ದಾಸ್ತಾನಿನ ಅಕ್ಕಿ ಸುಮಾರು 2,000 ಯೆನ್‌ಗೆ ಬಂದಾಗ ಜನ ಬೆಳಗ್ಗೆ ಬೆಳಗ್ಗೆಯೇ ಸಾಲು ನಿಂತದ್ದನ್ನು ನಾವಿಬ್ಬರೂ ಟಿ.ವಿ.ಯಲ್ಲಿ ನೋಡಿದೆವು. ಅಂಥ ಊರಿನಲ್ಲಿ ಬಾಡಿಗೆ ಕಟ್ಟಿ, ಅಮ್ಮನ ಮಾತ್ರೆಗಳಿಗೆ ತಿಂಗಳು ತಿಂಗಳೂ ಹಣ ಕಳಿಸುತ್ತಿರುವವಳು ನೀನು. ನಾಲ್ಕೂವರೆಗೆ ನಾನು ಎಣಿಸುವ ಗಲ್ಲಾಪೆಟ್ಟಿಗೆಯಲ್ಲಿ ನೀನು ಕಳಿಸಿದ ದುಡ್ಡೂ ಸೇರಿದೆ. ಇದು ತಿಳಿದ ಮೇಲೆ ಆ ಸಂಜೆಯ ನೆನಪು ಇನ್ನೂ ಭಾರವಾಗಿದೆ.

ಬುದ್ಧಿ ಹೇಳುವುದಿಲ್ಲ ಎಂದುಕೊಂಡೇ ಬರೆಯಲು ಕುಳಿತೆ, ಆದರೂ ಕೆಲವನ್ನು ಹೇಳದಿರಲಾರೆ. ಜ್ವರ ಬಂದರೆ ಒಬ್ಬಳೇ ಹೊದ್ದು ಮಲಗಬೇಡ. ವಿಮೆಯಿದ್ದರೆ ವೈದ್ಯರ ಖರ್ಚಿನಲ್ಲಿ ನೂರಕ್ಕೆ ಮೂವತ್ತು ಮಾತ್ರ ನಾವು ಕೊಡುವುದು ಎಂದು ನೀನೇ ಹೇಳಿದ್ದೀಯೆ, ಹಾಗಿರುವಾಗ ಆಸ್ಪತ್ರೆಗೆ ಹೋಗಲು ಹಿಂದೆಮುಂದೆ ನೋಡಬಾರದು. ಅಲ್ಲಿಯ ಜನರೂ ಮೈ ಸರಿಯಿಲ್ಲದಾಗ 'ಒಕಾಯು' ಎಂದು ಗಂಜಿಯನ್ನೇ ಕುಡಿಯುತ್ತಾರಂತೆ, ಅದರ ಎರಡು ಪೊಟ್ಟಣ ಮನೆಯಲ್ಲಿರಲಿ. ಭೂಕಂಪಕ್ಕೆಂದು ಒಬ್ಬರಿಗೆ ದಿನಕ್ಕೆ 3 ಲೀಟರಿನಂತೆ ಕನಿಷ್ಠ ಮೂರು ದಿನದ ನೀರು ಇಡಬೇಕು ಎಂಬುದು ಅಲ್ಲಿಯ ಸರ್ಕಾರದ ಸಲಹೆ. ನಿನ್ನ ಮಂಚದ ಕೆಳಗೆ ನಾನು ಕಂಡದ್ದು ಎರಡೇ ಬಾಟಲಿ. ನಾಳೆಯೇ ತರಬೇಕು. ಆಫೀಸಿನಿಂದ ಏಳಕ್ಕಾದರೂ ಹೊರಡು. ಭಾನುವಾರ ಸಾರು ಮಾಡಿ ಫ್ರೀಜರಿನಲ್ಲಿಟ್ಟುಕೋ. ಡಬ್ಬಿಯ ಊಟವಾದರೂ ಬಿಸಿ ಮಾಡಿ, ತಟ್ಟೆಗೆ ಹಾಕಿ, ಕುಳಿತು ಉಣ್ಣು. ನಾನು ಅಲ್ಲಿದ್ದಾಗ ನೀನು ಎರಡು ದಿನ ಒಲೆಯ ಪಕ್ಕ ನಿಂತೇ ಉಂಡದ್ದನ್ನು ನೋಡಿದ್ದೇನೆ.

ಮತ್ತೆ ಅದೇ ಜಾಗಕ್ಕೆ ಬಂದೆ, ಕ್ಷಮಿಸು. ನನ್ನ ಮಾತು ಮುಗಿದ ಮೇಲೆ ನೀನು ಉತ್ತರ ಕೊಡಲಿಲ್ಲ. ಡಬ್ಬಿಯನ್ನು ಹಿಂದಕ್ಕೆ ಇಟ್ಟೆ. ಇಡುವಾಗ ಪಕ್ಕದ ಡಬ್ಬಿಗೆ ಸಮನಾಗಿ ಸರಿಸಿ, ಬೆಲೆಯ ಚೀಟಿ ನೋಡುವವರ ಕಡೆಗೆ ಬರುವಂತೆ ಒಂದು ಬೆರಳಿನಿಂದ ತಿರುಗಿಸಿದೆ. ಎರಡನೆಯ ತರಗತಿಯಲ್ಲಿದ್ದಾಗ ನಮ್ಮ ಅಂಗಡಿಯಲ್ಲಿ ಸ್ಟೂಲಿನ ಮೇಲೆ ನಿಂತು ಸೋಪುಗಳನ್ನು ಜೋಡಿಸುತ್ತಿದ್ದೆಯಲ್ಲ, ಆ ಬೆರಳೇ ಅದು. ಕಣ್ಣು ತುಂಬಿದ್ದರೂ ಬೇರೆಯವರ ಅಂಗಡಿಯ ಸಾಲು ಕೆಡಿಸದೆ ಬಂದ ಮಗಳನ್ನು ನಾನು ದಾರಿಯುದ್ದಕ್ಕೂ ಮಾತನಾಡಿಸದೆ ಮನೆಗೆ ನಡೆಸಿಕೊಂಡು ಹೋದೆ. ಆ ರಾತ್ರಿ ನೀನು ಬರೀ ಬ್ರೆಡ್ ತಿಂದು ಮಲಗಿದೆ. ನನ್ನಿಂದ ತಪ್ಪಾಯಿತು, ಮಗಳೇ.

ಇಲ್ಲಿ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮನೆಯಲ್ಲಿ ಒಣಮೀನೇ ನಡೆಯುತ್ತಿದೆ. ಅಮ್ಮ ಬಂಗುಡೆ ಪುಳಿಮುಂಚಿಗೆ ಮಸಾಲೆ ಪುಡಿ ಮಾಡಿಟ್ಟಿದ್ದಾಳೆ, ಈ ವಾರ ಅಂಚೆಯಲ್ಲಿ ಕಳಿಸುತ್ತೇನೆ. ಆ ಅಜ್ಜಿ ಮತ್ತೆ ಸಿಕ್ಕಿದರೆ ನನ್ನ ಪರವಾಗಿಯೂ ಒಮ್ಮೆ ತಲೆಬಾಗಿಸು. ಅವರು ನಿನ್ನ ಮುಖ ನೋಡಿ ಏನೋ ಕೇಳಿದರು, ನೀನು ನಕ್ಕು ಏನೋ ಹೇಳಿದೆ. ಏನು ಹೇಳಿದೆ ಎಂದು ಮುಂದಿನ ಸಲ ಫೋನ್ ಮಾಡಿದಾಗ ನನಗೆ ಹೇಳು.

ಇಂತಿ ನಿನ್ನ,
ಅಪ್ಪಯ್ಯ