ಅಲಿಬಾಬಾದ ಆ ಅರ್ಮೇನಿಯನ್ ನಟ

ಮಾನ್ಯರೇ,

1980ರ ಭಾರತ–ಸೋವಿಯತ್ ಸಿನಿಮಾ ‘ಅಲಿಬಾಬಾ ಔರ್ ಚಾಲೀಸ್ ಚೋರ್’ ಬಗ್ಗೆ ಯಾರೇ ಬರೆದರೂ ಧರ್ಮೇಂದ್ರ, ಹೇಮಾಮಾಲಿನಿ, ಜೀನತ್ ಅಮಾನ್ ಹೆಸರಿಗೇ ನಿಂತುಬಿಡುತ್ತಾರೆ. ಅದರಲ್ಲಿ ಅರ್ಮೇನಿಯಾದ ಮ್ಹೇರ್ ಮ್ಕರ್‌ಚ್ಯಾನ್ ಕೂಡ ಇದ್ದರು. ಈ ಹೆಸರಿಗೆ ನಮ್ಮ ಒತ್ತಕ್ಷರಗಳೂ ಸಾಲವು ಬಿಡಿ. ಜನರ ಬಾಯಲ್ಲಿ ಅವರು ಬರೀ ಫ್ರುಂಜಿಕ್.

1930ರಲ್ಲಿ ಲೆನಿನಾಕಾನ್‌ನಲ್ಲಿ (ಈಗಿನ ಗ್ಯುಮ್ರಿ) ಹುಟ್ಟಿದರು. ತಂದೆ ತಾಯಿ ಬಟ್ಟೆ ಗಿರಣಿಯ ಕೆಲಸಗಾರರು. ಯೆರೆವಾನ್‌ನ ಸುಂದುಕ್ಯಾನ್ ರಂಗಮಂದಿರದಲ್ಲಿ ಬಹುಕಾಲ ನಾಟಕವಾಡಿದರು.

ಆದರೆ ಮನೆಮಾತಾಗಿಸಿದ್ದು 1977ರ ಸೋವಿಯತ್ ಸಿನಿಮಾ ‘ಮಿಮಿನೊ’. ಅದರಲ್ಲಿ ಅವರು ದಿಲಿಜಾನ್ ಊರಿನ ಲಾರಿ ಡ್ರೈವರ್ ರುಬಿಕ್. ಮಾಸ್ಕೋದ ಹೋಟೆಲಿನವರು ಯಾರೋ ವೈದ್ಯ ಪ್ರೊಫೆಸರ್ ಎಂದು ತಪ್ಪು ತಿಳಿದು ರೂಮು ಕೊಡುತ್ತಾರೆ. ನಮ್ಮೂರಿನ ನಲ್ಲಿ ನೀರು ರುಚಿಯಲ್ಲಿ ಜಗತ್ತಿಗೇ ಎರಡನೆಯದು ಎಂದು ಜಂಬ ಕೊಚ್ಚುವಾಗ ಆ ಮುಖ ನೋಡಬೇಕು. ಒಬ್ಬನಿಗೆ ಹೊಡೆದ ಕೇಸಿನಲ್ಲಿ ಸಿಕ್ಕ ಗೆಳೆಯನ ಪರ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾ, ಏಟು ತಿಂದ ಆ ಮನುಷ್ಯನ ಮೇಲಿನ ಸಿಟ್ಟಿಗೆ ಗೆಳೆಯನಿಗೆ ಊಟವೇ ಸೇರುತ್ತಿರಲಿಲ್ಲ ಎನ್ನುತ್ತಾನೆ ರುಬಿಕ್. ಗೆಳೆಯನನ್ನು ಉಳಿಸಲು ಬಂದವನ ಮಾತಿದು! ನಗಿಸಬೇಕೆಂಬ ಹಟ ಎಲ್ಲೂ ಕಾಣದು. ಉದ್ದ ಮೂಗು, ಸೋತ ಕಣ್ಣು, ಅಷ್ಟೇ ಬಂಡವಾಳ.

1984ರಲ್ಲಿ ಸೋವಿಯತ್ ಒಕ್ಕೂಟದ ‘ಜನತಾ ಕಲಾವಿದ’ ಗೌರವ ಸಂದಿತು. ಮನೆಯಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ. 1993ರ ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡರು. ಗ್ಯುಮ್ರಿಯಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ.

ನಮ್ಮ ಫಿಲ್ಮ್ ಸೊಸೈಟಿಗಳು ‘ಮಿಮಿನೊ’ವನ್ನು ಕನ್ನಡ ಸಬ್‌ಟೈಟಲ್ ಹಾಕಿ ಒಮ್ಮೆ ತೋರಿಸಬಾರದೇ?

– ಒಬ್ಬ ಓದುಗ, ಮೈಸೂರು